ಹಾಸೆಗಾವಾ 1/350 ಮಿಕಾಸಾ: ಕಿಟ್ ಬಂಗಾರ, ಹಿತ್ತಾಳೆ ಮಾತ್ರ ಅಳೆದು ಸುರಿದು ಹಾಕಿ

ಇದು ಜಪಾನಿನ ಹಾಸೆಗಾವಾ ಕಂಪನಿಯ ಪ್ಲಾಸ್ಟಿಕ್ ಮಾಡೆಲ್ ಕಿಟ್ಟು, ಮಿಕಾಸಾ ಅನ್ನೋ ಹಳೇ ಯುದ್ಧನೌಕೆನ 350ರಲ್ಲಿ ಒಂದು ಪಾಲಿಗೆ ಇಳಿಸಿದ್ದು, ನಾವೇ ಅಂಟಿಸಿ ಕಟ್ಬೇಕು. ಮೊದ್ಲೇ ಹೇಳ್ಬಿಡ್ತೀನಿ, ಕಿಟ್ ಕಣ್ಮುಚ್ಕೊಂಡು ತಗೊಳ್ಳಿ, ಆದ್ರೆ ಅದಕ್ಕೆ ಅಂತ ಬೇರೆ ಬೇರೆ ಕಂಪನಿಯವ್ರು ಮಾರೋ, ರೇಲಿಂಗು ಏಣಿ ಥರದ ಸಣ್ಣ ಭಾಗಗಳಿರೋ ದೊಡ್ಡ ದೊಡ್ಡ ಹಿತ್ತಾಳೆ ಸೆಟ್‌ಗಳನ್ನ ಮಾತ್ರ ಕಣ್ ಬಿಟ್ಕೊಂಡು ತಗೊಳ್ಳಿ. ಇಷ್ಟು ಸಾಕು ಅನ್ನೋರು ಇಲ್ಲಿಗೇ ಬಿಡಬಹುದು. ಯಾಕೆ ಏನು ಅಂತ ಬೇಕಾದೋರು ಕಾಫಿ ಇಟ್ಕೊಂಡು ಕೂತ್ಕೊಳ್ಳಿ, ಸ್ವಲ್ಪ ಉದ್ದ ಇದೆ.

ಮಿಕಾಸಾ ಗೊತ್ತಿಲ್ದೋರಿಗೆ ಎರಡು ಮಾತು. 1905ರ ಮೇ 27-28ಕ್ಕೆ ಜಪಾನ್-ಕೊರಿಯಾ ನಡುವಿನ ತ್ಸುಶಿಮಾ ಹತ್ರ ರಷ್ಯಾದ ಬಾಲ್ಟಿಕ್ ನೌಕಾಪಡೆ ಧೂಳೀಪಟ ಆಯ್ತಲ್ಲ, ಆವತ್ತು ಜಪಾನಿನ ಅಡ್ಮಿರಲ್ ಟೋಗೋ ನಿಂತಿದ್ದ ಹಡಗು ಇದು. ಕಟ್ಟಿದ್ದು ಜಪಾನಲ್ಲಲ್ಲ, ಇಂಗ್ಲೆಂಡಿನ ಬ್ಯಾರೋ-ಇನ್-ಫರ್ನೆಸ್‌ನಲ್ಲಿ, ವಿಕರ್ಸ್ ಕಂಪನಿ, 1900ರ ನವೆಂಬರ್‌ನಲ್ಲಿ ನೀರಿಗಿಳಿಸಿದ್ರು. ತ್ಸುಶಿಮಾದಲ್ಲಿ ಮೂವತ್ತಕ್ಕೂ ಜಾಸ್ತಿ ಏಟು ತಿಂದ್ರೂ ಮುಳುಗ್ಲಿಲ್ಲ, ಆದ್ರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಾಸೆಬೋ ಬಂದರಲ್ಲಿ ಸುಮ್ನೆ ನಿಂತಿದ್ದಾಗ ಮದ್ದಿನ ಕೋಣೆ ಸಿಡಿದು ಮುಳುಗಿಹೋಯ್ತು, ಹಣೆಬರಹ ನೋಡಿ. ಮುಂದಿನ ವರ್ಷ ಎತ್ತಿ ರಿಪೇರಿ ಮಾಡಿದ್ರು. ಡ್ರೆಡ್‌ನಾಟ್ ಅನ್ನೋ ಬ್ರಿಟಿಷರ ಹೊಸ ಮಾದರಿ ಹಡಗಿಗಿಂತ ಮುಂಚಿನ ಕಾಲದ ಬ್ಯಾಟಲ್‌ಶಿಪ್‌ಗಳಲ್ಲಿ ಇವತ್ತಿಗೆ ಇಡೀ ಜಗತ್ತಲ್ಲಿ ಉಳ್ಕೊಂಡಿರೋದು ಇದೊಂದೇ, ಯೊಕೊಸುಕಾದಲ್ಲಿ ದಡಕ್ಕೆ ತಂದು ಕಾಂಕ್ರೀಟಲ್ಲಿ ಹೂತು ಮ್ಯೂಸಿಯಂ ಮಾಡಿದಾರೆ.

ಎಲ್ರೂ ಎರಡನೇ ಮಹಾಯುದ್ಧದ ದೊಡ್ಡ ಬ್ಯಾಟಲ್‌ಶಿಪ್ ಯಾಮಾಟೋ ಮಾಡ್ತಾರೆ, ಇಲ್ಲಾಂದ್ರೆ ಬಿಸ್ಮಾರ್ಕ್, ನೀನ್ಯಾಕೆ ಈ ಮುದುಕ ಹಡಗಿಗೆ ಬಿದ್ದೆ ಅಂತ ಫ್ರೆಂಡ್ಸ್ ಕೇಳಿದ್ರು. ಸಿಂಪಲ್, ಮನೇಲಿ ಜಾಗ ಇಲ್ಲ. ಯಾಮಾಟೋ ನಿಜವಾದ ಉದ್ದ 263 ಮೀಟರ್, 1/350ಕ್ಕೆ ಇಳಿಸಿದ್ರೂ 75 ಸೆಂಟಿಮೀಟರ್, ಅದನ್ನ ಇಡೋಕೆ ಟಿವಿ ತೆಗೀಬೇಕು, ಟಿವಿ ತೆಗೆದ್ರೆ ನಾನು ಮನೇಲಿರಲ್ಲ. ಮಿಕಾಸಾ 131.7 ಮೀಟರ್, ಅಂದ್ರೆ ಮಾಡೆಲ್ 38 ಸೆಂಟಿಮೀಟರ್ ಒಳಗೇ ಮುಗಿಯುತ್ತೆ, ಶೋಕೇಸ್‌ನಲ್ಲಿ ಗೊಂಬೆ ತೆಗೆದ ಜಾಗಕ್ಕೆ ಸರಿಯಾಗಿ ಕೂರುತ್ತೆ. ಅದೂ ಅಲ್ದೆ ಈ ಹಳೇ ಹಡಗಲ್ಲಿ ನೋಡೋಕೆ ಏನೇನಿದೆ ಅಂತೀರಾ, ಎರಡು ದಪ್ಪ ಚಿಮಣಿ, ಬಾಯಿ ಅಗಲಿಸ್ಕೊಂಡು ನಿಂತಿರೋ ಗಾಳಿ ಕೊಳವೆಗಳು, ಸಾಲು ಸಾಲು ದೋಣಿ, ಮುಂದೆರಡು ಹಿಂದೆರಡು ಅಂತ ನಾಲ್ಕು 12 ಇಂಚಿನ ತೋಪು, ಪಕ್ಕದಲ್ಲೆಲ್ಲ ಇಣುಕೋ ಹದಿನಾಲ್ಕು 6 ಇಂಚಿನವು, ಹಿಂಭಾಗದಲ್ಲಿ ಅಡ್ಮಿರಲ್ ಸಾಹೇಬ್ರು ನಿಂತು ಗಾಳಿ ಕುಡಿಯೋಕೆ ಒಂದು ಬಾಲ್ಕನಿ ಬೇರೆ! ಯುದ್ಧನೌಕೆಗೆ ಬಾಲ್ಕನಿ ಅನ್ನೋದನ್ನ ನೋಡೇ ನಾನು ದುಡ್ಡು ಕೊಟ್ಟಿದ್ದು ಅಂದ್ರೂ ತಪ್ಪಿಲ್ಲ.

ದುಡ್ಡಿನ ವಿಷ್ಯ ಬಂತಲ್ಲ, ಅದನ್ನೂ ಹೇಳ್ಬಿಡೋಣ. ಹೊರಗಿಂದ ತರಿಸೋರು ಸುಂಕ ಸೇರಿಸಿ ಲೆಕ್ಕ ಹಾಕಿ, ಸೈಟಲ್ಲಿ ಕಾಣೋ ಬೆಲೆ ನೋಡಿ ಕುಣೀಬೇಡಿ. ಕಸ್ಟಮ್ಸ್ ಲೆಕ್ಕದಲ್ಲಿ ನಮ್ಮ ಸ್ಕೇಲ್ ಮಾಡೆಲ್‌ಗಳೂ ಮಕ್ಕಳ ಗಿಲಕಿನೂ ಒಂದೇ ಪಂಕ್ತಿ, 9503 ಅನ್ನೋ ತಲೆಬರಹ. 2020ರ ಬಜೆಟ್‌ನಲ್ಲಿ ಆಟಿಕೆ ಮೇಲಿನ ಕಸ್ಟಮ್ಸ್ ಸುಂಕ ಶೇ 20ರಿಂದ 60ಕ್ಕೆ ಹಾರ್ತು, 2023ರಲ್ಲಿ 70 ಆಯ್ತು, ಅದರ ಮೇಲೆ ಉಳಿದ ಟ್ಯಾಕ್ಸು. ದೇಶದೊಳಗೆ ಆಟಿಕೆ ತಯಾರಾಗ್ಲಿ ಅಂತ ಮಾಡಿದ್ದು, ಸರಿ, ಒಪ್ಪೋಣ, ಚನ್ನಪಟ್ಟಣದೋರಿಗೆ ಒಳ್ಳೇದಾದ್ರೆ ನನಗೂ ಖುಷಿನೇ, ಆದ್ರೆ 1905ರ ಜಪಾನಿ ಬ್ಯಾಟಲ್‌ಶಿಪ್‌ನ ಇಲ್ಲಿ ಯಾರೂ ಮಾಡ್ತಿಲ್ವಲ್ಲ ಸ್ವಾಮಿ. ಇಲ್ಲೇ ಸ್ಟಾಕ್ ಇಟ್ಟಿರೋ ಅಂಗಡಿಯಲ್ಲಿ ಸಿಕ್ಕಿದ್ರೆ ಚೌಕಾಸಿ ಮಾಡದೆ ತಗೊಳ್ಳಿ, ಡ್ಯೂಟಿ ಕಟ್ಟಿ ಕಾದು ಕೂರೋ ತಲೆನೋವು ಅವ್ರದ್ದಾಗುತ್ತೆ.

ಕಿಟ್ ಬಗ್ಗೆ ಹೆಚ್ಚು ಹೇಳೋಕೇ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. 2005ರ ಹೊತ್ತಿಗೆ, ತ್ಸುಶಿಮಾಗೆ ನೂರು ವರ್ಷ ಆದಾಗ ಬಂದ ಮಾಲು, ಇವತ್ತಿಗೂ ಭಾಗಕ್ಕೆ ಭಾಗ ಕೂರೋದ್ರಲ್ಲಿ ಹಳೇದು ಅನ್ಸಲ್ಲ. ಪುಟ್ಟಿ ಡಬ್ಬ ತೆಗೆದಿಟ್ಟಿದ್ದೆ, ಹೆಚ್ಚು ಕಡಿಮೆ ಹಾಗೇ ವಾಪಸ್ ಇಟ್ಟೆ. ಡೆಕ್ಕಿನ ಹಲಗೆ ಗೆರೆ ಎಷ್ಟು ನಾಜೂಕಾಗಿದೆ ಅಂದ್ರೆ ಬಣ್ಣ ಸ್ವಲ್ಪ ದಪ್ಪ ಆದ್ರೂ ಮುಚ್ಚಿಹೋಗುತ್ತೆ, ತೆಳ್ಳಗೆ ಎರಡ್ಮೂರು ಸಲ ಹೊಡೀರಿ. ಸೂಚನೆ ಹಾಳೆ ಜಪಾನಿ ಭಾಷೆ ಬರದೋರಿಗೂ ಚಿತ್ರ ನೋಡಿ ಅರ್ಥ ಆಗುತ್ತೆ. ಬರೀ ಡಬ್ಬದಲ್ಲಿರೋದನ್ನೇ ಅಂಟಿಸಿ ಬಣ್ಣ ಹೊಡೆದಿಟ್ರೂ ಬಂದೋರು ಹತ್ರ ಹೋಗಿ ನೋಡೇ ನೋಡ್ತಾರೆ.

ಆದ್ರೆ ರೇಲಿಂಗ್ ಇಲ್ದೆ ಹಡಗು ಬೋಳು ಬೋಳು. ಇಲ್ಲಿಂದ ಹಿತ್ತಾಳೆ ಕಥೆ ಶುರು.

ಫೋಟೋ ಎಚಿಂಗ್ ಅಂದ್ರೆ ಏನೋ ಮಾಯಾ ಮಂತ್ರ ಅಂದ್ಕೋಬೇಡಿ, ಎಂಜಿನಿಯರಿಂಗ್ ಕಾಲೇಜಲ್ಲಿ ಎಸ್‌ಪಿ ರೋಡಿಂದ ಫೆರಿಕ್ ಕ್ಲೋರೈಡ್ ತಂದು ಬಕೆಟ್‌ನಲ್ಲಿ ಪಿಸಿಬಿ (ಸರ್ಕ್ಯೂಟ್ ಬೋರ್ಡು) ಅಲ್ಲಾಡಿಸಿ ಅಲ್ಲಾಡಿಸಿ ಕೈ ಹಳದಿ ಮಾಡ್ಕೊಂಡೋರಿಗೆಲ್ಲ ಇದು ಗೊತ್ತಿರೋದೇ. ತೆಳು ಹಿತ್ತಾಳೆ ಹಾಳೆ ಮೇಲೆ ಬೆಳಕಿಗೆ ಗಟ್ಟಿಯಾಗೋ ಲೇಪನ ಬಳಿದು, ಡ್ರಾಯಿಂಗ್ ಇರೋ ಫಿಲಂ ಇಟ್ಟು ಬೆಳಕು ಬಿಡ್ತಾರೆ, ಲೇಪ ಉಳಿದ ಕಡೆ ಹಿತ್ತಾಳೆ ಉಳಿಯುತ್ತೆ, ಮಿಕ್ಕಿದ್ದನ್ನ ರಾಸಾಯನಿಕ ತಿಂದು ಹಾಕುತ್ತೆ. ಮಡಿಸ್ಬೇಕಾದ ಕಡೆ ಅರ್ಧ ದಪ್ಪ ಮಾತ್ರ ತಿನ್ನೋ ಹಾಗೆ ಗೆರೆ ಬಿಟ್ಟಿರ್ತಾರೆ, ಆ ಗೆರೆ ಸಾಮಾನ್ಯವಾಗಿ ಮಡಿಕೆಯ ಒಳಗಡೆಗೆ ಬರ್ಬೇಕು, ಉಲ್ಟಾ ಮಡಿಸಿ ಮತ್ತೆ ಬಿಡಿಸಿ ಮತ್ತೆ ಮಡಿಸಿದ್ರೆ ಪಟ್ ಅಂತ ಎರಡು ಪೀಸು.

ಯಾಕೆ ಹಿತ್ತಾಳೆನೇ ಬೇಕು ಅಂದ್ರೆ ಲೆಕ್ಕ ನೋಡಿ. ಒಂದು ಮೀಟರ್ ಎತ್ತರದ ರೇಲಿಂಗು 1/350ರಲ್ಲಿ 3 ಮಿಲಿಮೀಟರ್‌ಗಿಂತ ಕಡಿಮೆ. ಅದರ ತಂತಿ ಬೆರಳು ದಪ್ಪ, ಅಂದ್ರೆ 1 ಸೆಂಟಿಮೀಟರ್ ಅಂತ ಇಟ್ಕೊಂಡ್ರೂ ಮಾಡೆಲ್‌ನಲ್ಲಿ 0.03 ಮಿಲಿಮೀಟರ್ ಆಗ್ಬೇಕು. ಹಿತ್ತಾಳೆಯಲ್ಲಿ 0.1 ಮಿಲಿಮೀಟರ್ ಗೆರೆ ಕೊಟ್ರು ಅಂದ್ಕೊಳ್ಳಿ, ಅದೇ ನಿಜವಾದ ಹಡಗಿನ ಲೆಕ್ಕಕ್ಕೆ ಮೂರೂವರೆ ಸೆಂಟಿಮೀಟರ್ ದಪ್ಪದ ಪೈಪು. ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದು ಅಷ್ಟೂ ತೆಳ್ಳಗೆ ತೆಗೆಯೋಕಾಗಲ್ಲ, ತೆಗೆದ್ರೂ ಕಟಾವು ಮಾಡೋವಾಗ ಮುರಿಯುತ್ತೆ. ನಮ್ಮ ಕಾರವಾರದ ಟ್ಯಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಇಟ್ಟಿದಾರಲ್ಲ, ಆ ಮಿಸೈಲ್ ಬೋಟು, ಆ ಕಡೆ ಹೋದೋರು ಮಿಸೈಲ್ ಮುಂದೆ ಸೆಲ್ಫಿ ತೆಗೆಸ್ಕೊಂಡ ಮೇಲೆ ಒಂದ್ಸಲ ರೇಲಿಂಗ್ ಕಂಬಗಳ ಹತ್ರ ನಿಂತು ನೋಡಿ, ದೂರದಿಂದ ಅವು ಇವೆಯೋ ಇಲ್ವೋ ಅನ್ನೋ ಹಾಗಿರ್ತವೆ. ಮಾಡೆಲ್‌ನಲ್ಲೂ ಹಾಗೇ ಇರ್ಬೇಕು, ಇದೆಯೋ ಇಲ್ವೋ ಅನ್ನೋ ಹಾಗೆ. ಅದಕ್ಕೇ ಹಿತ್ತಾಳೆ, ಶೋಕಿಗಲ್ಲ.

ಸೆಟ್ ವಿಚಾರಕ್ಕೆ ಬರೋಣ. ಹಾಸೆಗಾವಾದವ್ರೇ ಈ ಹಡಗಿಗೆ ಎಚಿಂಗ್ ಭಾಗಗಳನ್ನ ಪ್ರತ್ಯೇಕವಾಗಿ ಮಾರ್ತಾರೆ. ನಾನು ತರಿಸಿದ್ದು ಅದಲ್ಲ, ಹೊರಗಿನ ಒಂದು ಕಂಪನಿಯ ಫುಲ್ ಸೆಟ್ಟು, ಹೆಸರು ಇಲ್ಲಿ ಬೇಡ. ಹಾಳೆ ಮೇಲೆ ಹಾಳೆ ಹಿತ್ತಾಳೆ, ಮರದ ಡೆಕ್ಕು, ಲೇತ್‌ನಲ್ಲಿ ಕಡೆದ ತೋಪಿನ ನಳಿಗೆ, ಎಲ್ಲಾ ಒಂದೇ ಕವರಲ್ಲಿ. ನೋಡೋಕೆ ಹಬ್ಬ. ಕೂತು ಕೆಲಸ ಶುರು ಮಾಡಿದ್ಮೇಲೆ ಗೊತ್ತಾಗಿದ್ದು, ಸೂಚನೆ ಹಾಳೆಯಲ್ಲಿ ಒಂದು ನಂಬರ್, ಹಿತ್ತಾಳೆ ಮೇಲೆ ಇನ್ನೊಂದು ನಂಬರ್, ಯಾವ ಕಡೆ ಮಡಿಸ್ಬೇಕು ಅನ್ನೋದಕ್ಕೆ ಬಾಣ ಇಲ್ಲ, ಮಡಿಸಿದ್ಮೇಲೆ ಹೇಗೆ ಕಾಣ್ಬೇಕು ಅನ್ನೋದಕ್ಕೆ ಚಿತ್ರ ಇದೆ ಆದ್ರೆ ಅದು ಸಾಸಿವೆ ಕಾಳಷ್ಟು. ಮಾರಿದ ಆನ್‌ಲೈನ್ ಅಂಗಡಿಯವ್ರೋ, ಹಿಂದೆ ರಟ್ಟು ಇಡದೆ ಬರೀ ಬಬಲ್ ಕವರಲ್ಲಿ ಹಾಕಿ ಕಳಿಸಿದ್ರು, ಒಂದು ಹಾಳೆ ಮೂಲೆ ಮಡಚಿಕೊಂಡು ಬಂತು, ಫೋಟೋ ಕಳಿಸಿದ್ರೆ "ಡಿಯರ್ ಕಸ್ಟಮರ್" ಅಂತ ಒಂದು ಮೇಲು, ಆಮೇಲೆ ಪತ್ತೆ ಇಲ್ಲ. ಹಿತ್ತಾಳೆ ತರಿಸೋವಾಗ ಗಟ್ಟಿ ರಟ್ಟು ಇಟ್ಟು ಪ್ಯಾಕ್ ಮಾಡಿ ಅಂತ ಮೊದ್ಲೇ ಬರೆದು ಹೇಳಿ, ನಾಚ್ಕೋಬೇಡಿ.

ಅದು ಬಿಡಿ, ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಈ ದೊಡ್ಡ ಸೆಟ್ ಮಾಡೋರಿಗೆ ಏನಾಗಿರುತ್ತೆ ಅಂದ್ರೆ, ಕೈಯಲ್ಲಿ ಹಿತ್ತಾಳೆ ಇದೆ ಅಂತ ಹಡಗಲ್ಲಿರೋದನ್ನೆಲ್ಲ ಹಿತ್ತಾಳೇಲೇ ಮಾಡಿಬಿಡ್ತಾರೆ. ಹಿತ್ತಾಳೆ ಹಾಳೆ ಚಪ್ಪಟೆ. ನಿಜವಾದ ಹಡಗಲ್ಲಿ ಯಾವುದು ಚಪ್ಪಟೆಯಾಗಿ ತೆಳ್ಳಗಿದೆಯೋ ಅದಕ್ಕೆ ಇದು ಹೇಳಿ ಮಾಡಿಸಿದ್ದು, ರೇಲಿಂಗು, ಏಣಿ, ಜಾಲರಿ, ಬ್ರಿಡ್ಜ್ (ನಿಂತು ಹಡಗು ನಡೆಸೋ ಜಾಗ) ನೆಲದ ಗ್ರೇಟಿಂಗು, ಚಿಮಣಿ ಬಾಯಿಯ ತಡಿಕೆ, ಇವೆಲ್ಲ ಹಾಕಿದ್ರೆ ಹಡಗಿಗೆ ಜೀವ ಬರುತ್ತೆ. ಗುಂಡಗಿರೋದಕ್ಕೆ ಹಾಕಿದ್ರೆ? ದೋಣಿ ಹುಟ್ಟು ನೋಡಿ, ಕಾಗದ ಕತ್ತರಿಸಿ ಅಂಟಿಸಿದ ಹಾಗೆ. ದೋಣಿ ನೇತುಹಾಕೋ ಡೇವಿಟ್ ಕಂಬ ನಿಜದಲ್ಲಿ ಗುಂಡು, ಕಿಟ್‌ನ ಪ್ಲಾಸ್ಟಿಕ್ ಡೇವಿಟ್ಟೂ ಚೆನ್ನಾಗಿ ಗುಂಡಗೇ ಇದೆ, ಅದನ್ನ ಬಿಸಾಕಿ ಈ ಚಪ್ಪಟೆದನ್ನ ಹಾಕು ಅಂತಾರೆ. ಆಂಕರ್ ಚೈನಂತೂ ಕೇಳಲೇಬೇಡಿ, ಚಪ್ಪಟೆ ಚೈನು ಯಾವ ಊರಲ್ಲಿದೆ? ಸಣ್ಣ ಕೊಂಡಿಯ ನಿಜವಾದ ಚೈನೇ ಮಾರ್ಕೆಟ್ಟಲ್ಲಿ ಸಿಗುತ್ತೆ, ಅದನ್ನ ಹಾಕಿ. ಇನ್ನು ಬಾಗಿಲುಗಳು, ಪ್ಲಾಸ್ಟಿಕ್ ಮೇಲೆ ಆಗ್ಲೇ ಇರೋ ಬಾಗಿಲನ್ನ ಬ್ಲೇಡಲ್ಲಿ ಹೆರೆದು ನುಣುಪು ಮಾಡಿ ಅದೇ ಜಾಗಕ್ಕೆ ಹಿತ್ತಾಳೆ ಬಾಗಿಲು ಅಂಟಿಸ್ಬೇಕಂತೆ, ಬಣ್ಣ ಹೊಡೆದ್ಮೇಲೆ ಎರಡಕ್ಕೂ ವ್ಯತ್ಯಾಸ ಹುಡುಕಿ ತೋರಿಸಿದೋರಿಗೆ ವಿದ್ಯಾರ್ಥಿ ಭವನದಲ್ಲಿ ದೋಸೆ ನನ್ನ ಲೆಕ್ಕ.

ಹಾಗಾಗಿ ನಾನು ಸೆಟ್‌ನಲ್ಲಿ ಅರ್ಧಕ್ಕರ್ಧ ಮುಟ್ಲೇ ಇಲ್ಲ, ಡಬ್ಬದಲ್ಲೇ ಇದೆ. ಕಡೆದ ನಳಿಗೆಗಳನ್ನ ಮಾತ್ರ ಹೊಗಳ್ಲೇಬೇಕು, ಅವು ಹಾಳೆಯಲ್ಲ, ಲೇತ್ ಕೆಲಸ, ತುದಿ ಕಡೆಗೆ ಸಣ್ಣಗಾಗ್ತಾ ಹೋಗೋದೂ ಬಾಯಿಯ ತೂತೂ ಎಷ್ಟು ಚೊಕ್ಕ ಅಂದ್ರೆ ಪ್ಲಾಸ್ಟಿಕ್‌ನಲ್ಲಿ ಆ ಮಾತೇ ಇಲ್ಲ. ಮಾಸ್ಟ್ ಅನ್ನೋ ಎತ್ತರದ ಕಂಬದ ಮೇಲಿನ ಅಡ್ಡ ದೂಲಗಳಿಗೂ ಹಿತ್ತಾಳೆ ಕಡ್ಡಿನೇ ಸರಿ, ಆಮೇಲೆ ದಾರ ಎಳೆದು ಕಟ್ಟೋವಾಗ ಪ್ಲಾಸ್ಟಿಕ್ ಬಿಲ್ಲಿನ ಥರ ಬಗ್ಗಿಬಿಡುತ್ತೆ, ಹಿತ್ತಾಳೆ ಬಗ್ಗಲ್ಲ.

ಸಾಮಾನು ಏನೇನು ಬೇಕು ಅಂತ ಕೇಳೋರಿಗೆ. ಹೊರದೇಶದ ಮಡಿಸೋ ಮಷೀನು ಚೆನ್ನಾಗೇ ಇರ್ತವೆ, ಆದ್ರೆ ಈ ಹಡಗಿಗೆ ಅದು ಬೇಕೇ ಬೇಕು ಅಂತಿಲ್ಲ, ಒಂದು ಸ್ಟೀಲ್ ಸ್ಕೇಲು, ಎರಡು ಟೊಪಾಜ್ ಬ್ಲೇಡು ಸಾಕು, ಸ್ಕೇಲಿಂದ ಒತ್ತಿ ಹಿಡಿದು ಕೆಳಗಿಂದ ಬ್ಲೇಡ್ ತೂರಿಸಿ ಎತ್ತಿದ್ರೆ ನೆಟ್ಟಗೆ ಮಡಿಯುತ್ತೆ. ಕತ್ತರಿಸೋಕೆ ರಬ್ಬರ್ ಮ್ಯಾಟ್ ಬೇಡ, ಮೆತ್ತಗಿರೋದ್ರಿಂದ ಹಿತ್ತಾಳೆ ಒಳಗೆ ತಗ್ಗಿ ಸೊಟ್ಟ ಆಗುತ್ತೆ, ಮನೆ ಕಟ್ಟಿಸಿದಾಗ ಉಳಿದ ಟೈಲ್ಸ್ ಚೂರು ಇದ್ರೆ ಅದರ ಮೇಲೆ ಇಟ್ಟು ಕತ್ತರಿಸಿ. ಚಿಮಟಕ್ಕೆ ಮಾತ್ರ ದುಡ್ಡು ನೋಡ್ಬೇಡಿ. ನಾನು ನಗರ್ತಪೇಟೆ ಕಡೆ ಅಕ್ಕಸಾಲಿಗರ ಸಾಮಾನು ಮಾರೋ ಅಂಗಡಿಗೆ ಹೋಗಿ ತುದಿ ಒಂದಕ್ಕೊಂದು ಸರಿಯಾಗಿ ಕೂರೋದು ಬೇಕು ಅಂತ ಒಂದೊಂದೇ ಬೆಳಕಿಗೆ ಹಿಡಿದು ನೋಡ್ತಿದ್ದೆ.

"ಏನ್ ಸಾರ್, ಮೂಗ್‌ಬೊಟ್ಟಿನ ಕೆಲಸಾನಾ?" ಅಂದ್ರು ಅಂಗಡಿಯವ್ರು.

"ಇಲ್ಲಣ್ಣ, ಹಡಗಿಗೆ."

"ಹಡಗಿಗೆ ಇಷ್ಟು ಸಣ್ಣ ಚಿಮಟ ಯಾಕ್ ಸಾರ್?"

ಫೋನಲ್ಲಿ ಫೋಟೋ ತೋರಿಸಿದ್ಮೇಲೆ ಒಳಗಿಂದ ಬೇರೆ ಡಬ್ಬ ತೆಗೆದು ಕೊಟ್ರು, ಜೊತೆಗೆ ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಭೂತಗನ್ನಡಿನೂ. ಮಾಡೆಲಿಂಗ್‌ಗೆ ಅಂತ ಹೆಸರು ಹಾಕಿ ಮಾರೋದಕ್ಕಿಂತ ಇವು ಎಷ್ಟೋ ವಾಸಿ, ಅವ್ರು ತಲೆತಲಾಂತರದಿಂದ ಇದೇ ಅಳತೆಯ ಕೆಲಸ ಮಾಡ್ಕೊಂಡು ಬಂದೋರು.

ಇನ್ನೊಂದು, ಫ್ಯಾನ್ ಆಫ್. ಬೇಸಿಗೆ ಆದ್ರೂ ಆಫ್. ಮೊಸಾಯಿಕ್ ನೆಲ ಇರೋ ಹಳೇ ಮನೆಯೋರು ಕೆಳಗೆ ಬಿಳಿ ಪಂಚೆ ಹಾಸ್ಕೊಂಡೇ ಕೂರ್ಬೇಕು, ಆ ಚುಕ್ಕಿ ಚುಕ್ಕಿ ನೆಲದಲ್ಲಿ 2 ಮಿಲಿಮೀಟರ್ ಹಿತ್ತಾಳೆ ಬಿದ್ರೆ ಕಸ ಗುಡಿಸೋವಾಗ ಸಿಕ್ಕಿದ್ರೆ ಸಿಕ್ತು.

ಈಗ ಬಾಲ್ಕನಿ. ಈ ಇಡೀ ಮಾಡೆಲ್‌ನಲ್ಲಿ ಯಾವ ಒಂದು ಜಾಗಕ್ಕೆ ಹಿತ್ತಾಳೆ ಸಾರ್ಥಕ ಆಯ್ತು ಅಂತ ಕೇಳಿದ್ರೆ ಇದೇ. ಹಡಗಿನ ಹಿಂಭಾಗ ಗುಂಡಗೆ ತಿರುಗುತ್ತಲ್ಲ, ಅದನ್ನೇ ಅನುಸರಿಸಿ ಬಾಲ್ಕನಿಯ ರೇಲಿಂಗೂ ಬಾಗ್ಬೇಕು, ಆದ್ರೆ ಹಾಳೆಯಿಂದ ಬಿಡಿಸಿದ ರೇಲಿಂಗು ಸ್ಪ್ರಿಂಗ್ ಥರ, ಬಾಗಿಸಿ ಬಿಟ್ರೆ ಮತ್ತೆ ನೆಟ್ಟಗೆ. ಬರೀ ಅಂಟಿನ ಬಲದಲ್ಲಿ ಕೂರಿಸೋಕೆ ಹೋದ್ರೆ ಇವತ್ತು ಕೂತು ನಾಳೆ ಬಿಟ್ಕೊಳ್ಳುತ್ತೆ. ಅದಕ್ಕೆ ಲೈಟರ್ ಉರಿಗೆ ಸುಮ್ನೆ ಹೀಗೆ ಆಡಿಸ್ಬೇಕು, ಬಣ್ಣ ಕಂದಿದ ತಕ್ಷಣ ತೆಗೆದು ತಾನಾಗೇ ಆರೋಕೆ ಬಿಡ್ಬೇಕು, ಆಮೇಲೆ ನೋಡಿ, ಒಲೆ ಮೇಲೆ ಬಾಡಿಸಿದ ಬಾಳೆ ಎಲೆ ಥರ ಹೇಳಿದ ಕಡೆ ಬಗ್ಗುತ್ತೆ, ಬಗ್ಗಿದ ಕಡೆ ನಿಲ್ಲುತ್ತೆ. ಉರಿಯಲ್ಲಿ ಒಂದು ಗಳಿಗೆ ಜಾಸ್ತಿ ಇಟ್ರೆ ತುದಿ ಕರಗಿ ಉಂಡೆ ಆಗುತ್ತೆ, ಅದಕ್ಕೆ ಮೊದ್ಲು ಹಾಳೆಯ ಅಂಚಿನ ಚೂರಲ್ಲಿ ಕೈ ಪಳಗಿಸ್ಕೊಳ್ಳಿ. ಆಮೇಲೆ ಡ್ರಿಲ್ ಬಿಟ್ ಹಿಂಬದಿಯ ಗುಂಡನೆ ಭಾಗಕ್ಕೆ ಸುತ್ತಿ ಆಕಾರ ಕೊಡೋದು. ಎರಡೂ ತುದಿಗೆ ಸೂಜಿ ಮೊನೆಯಲ್ಲಿ ಸೂಪರ್ ಗ್ಲೂ ಮುಟ್ಟಿಸೋದು, ಮಧ್ಯದ ಕಂಬಗಳಿಗೆ ಮುಟ್ಟಿಸ್ಲೇಬೇಡಿ, ಬೇಕಾಗಲ್ಲ. ಕೂತ್ಮೇಲೆ ಕಂಬಗಳ ಸಂದಿಯಿಂದ ಹಿಂದಿರೋ ಕಿಟಕಿಗಳು ಕಾಣ್ತವೆ, ಲೈಟ್ ಹಾಕಿದ್ರೆ ರೇಲಿಂಗ್ ನೆರಳು ಗೋಡೆ ಮೇಲೆ ಬೀಳುತ್ತೆ. ಅಡ್ಮಿರಲ್ ಒಬ್ಬರನ್ನ ನಿಲ್ಲಿಸೋಣ ಅಂದ್ರೆ ಮನುಷ್ಯ 5 ಮಿಲಿಮೀಟರೂ ಬರಲ್ಲ ಈ ಸ್ಕೇಲಿಗೆ, ಸದ್ಯಕ್ಕೆ ಖಾಲಿ ಬಿಟ್ಟಿದೀನಿ.

ಉದ್ದುದ್ದ ನೇರ ರೇಲಿಂಗ್‌ಗೆ ಸೂಪರ್ ಗ್ಲೂ ಬೇಡ, ಫೆವಿಕಾಲ್ ಹಾಕಿ. ನಗ್ಬೇಡಿ, ನಿಜ. ಸ್ವಲ್ಪ ನೀರು ಮಾಡಿ ಹಚ್ಚಿದ್ರೆ ಸರಿಪಡಿಸೋಕೆ ಟೈಮ್ ಸಿಗುತ್ತೆ, ಒಣಗಿದ್ಮೇಲೆ ಕಾಣಲ್ಲ, ಸೊಟ್ಟ ಆದ್ರೆ ಒದ್ದೆ ಬ್ರಷ್‌ನಲ್ಲಿ ತೆಗೀಬಹುದು. ಸೂಪರ್ ಗ್ಲೂ ಗಟ್ಟಿಯಾಗೋದೇ ಗಾಳಿಯಲ್ಲಿರೋ ತೇವದಿಂದ, ಮಳೆಗಾಲದಲ್ಲಿ ಸುತ್ತ ಬಿಳಿ ಪೌಡರ್ ಥರ ಕೂತ್ಕೊಳ್ಳೋದು ಜಾಸ್ತಿ, ಮಂಗಳೂರು ಉಡುಪಿ ಕಡೆಯೋರಿಗೆ ಜೂನಿಂದ ಸೆಪ್ಟೆಂಬರ್ ತನಕ ಇದು ದೊಡ್ಡ ಪೀಡೆ, ಎಷ್ಟು ಕಡಿಮೆ ಹಚ್ಚಿದ್ರೆ ಅಷ್ಟು ಒಳ್ಳೇದು. ಮರದ ಡೆಕ್ಕು ಹಾಕೋರಂತೂ ಇನ್ನೂ ಹುಷಾರು, ಅದು ಕಾಗದದಷ್ಟು ತೆಳು ಮರ, ಹಿಂದೆ ಸ್ಟಿಕ್ಕರ್ ಇರುತ್ತೆ, ಕೂರೋದೇನೋ ಕೂರುತ್ತೆ, ಆದ್ರೆ ಒಂದು ಹನಿ ಸೂಪರ್ ಗ್ಲೂ ಬಿದ್ರೆ ಎಣ್ಣೆ ಕಲೆ ಥರ ಕಪ್ಪಗೆ ಹರಡಿ ಅಲ್ಲೇ ನಿಲ್ಲುತ್ತೆ, ಏನ್ ಮಾಡಿದ್ರೂ ಹೋಗಲ್ಲ. ನನ್ನ ಕೇಳಿದ್ರೆ ಈ ಕಿಟ್‌ಗೆ ಮರದ ಡೆಕ್ಕೂ ಬೇಡ. ಪ್ಲಾಸ್ಟಿಕ್ ಮೇಲೇ ಅಷ್ಟು ಚೆಂದದ ಹಲಗೆ ಗೆರೆ ಕೊಟ್ಟಿರೋವಾಗ ಅದನ್ನ ಮುಚ್ಚೋದು ಅನ್ಯಾಯ, ಎರಡ್ಮೂರು ಛಾಯೆ ಕಂದು ಹೊಡೆದ್ರೆ ಸಾಕು.

ಬಣ್ಣ ಹೊಡಿಯೋ ಮುಂಚೆ ಹಿತ್ತಾಳೆನ ಪಾತ್ರೆ ತೊಳಿಯೋ ಸೋಪಲ್ಲಿ ತೊಳೀರಿ, ಕೈ ಜಿಡ್ಡು ಇದ್ರೆ ಬಣ್ಣ ಸಿಪ್ಪೆ ಸಿಪ್ಪೆ ಏಳುತ್ತೆ. ಆಮೇಲೆ ಲೋಹಕ್ಕೆ ಅಂತಲೇ ಬರೋ ಪ್ರೈಮರು. ರೇಲಿಂಗ್‌ನ ಹಾಳೆಯಲ್ಲಿದ್ದಾಗಲೇ ಪೇಂಟ್ ಮಾಡ್ಕೊಂಡು ಆಮೇಲೆ ಬಿಡಿಸಿ ಅಂಟಿಸಿ, ಕತ್ತರಿಸಿದ ಜಾಗಕ್ಕೆ ಬ್ರಷ್ ತುದಿಯಲ್ಲಿ ಚುಕ್ಕೆ ಇಟ್ರೆ ಆಯ್ತು. ಪೂರ್ತಿ ಹಡಗು ಕಟ್ಟಿ ಕೊನೇಲಿ ಸ್ಪ್ರೇ ಹೊಡೀತೀನಿ ಅಂದ್ರೆ ರೇಲಿಂಗ್ ಹಿಂದೆ ಬಣ್ಣ ಹೋಗಲ್ಲ.

ಯಾವ ಬಣ್ಣ ಅನ್ನೋದು ಬೇರೆ ತಕರಾರು. ನಿಜವಾದ ಹಡಗೇ ಉಳಿದಿದೆಯಲ್ಲ, ಫೋಟೋ ನೋಡ್ಕೊಂಡು ಮಾಡೋಣ ಅಂತ ಎಲ್ರಿಗೂ ಅನ್ಸುತ್ತೆ, ಅಲ್ಲೇ ಗುಂಡಿ ಇರೋದು. ಇವತ್ತು ಯೊಕೊಸುಕಾದಲ್ಲಿ ಕಾಣೋ ಮಿಕಾಸಾದ ಮೇಲ್ಭಾಗ 1905ರದ್ದಲ್ಲ. ಯುದ್ಧನೌಕೆಗಳ ಸಂಖ್ಯೆಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಗುಜರಿಗೆ ಹೋಗ್ಬೇಕಿದ್ದ ಹಡಗನ್ನ ಸ್ಮಾರಕ ಅಂತ ಉಳಿಸ್ಕೊಂಡ್ರು, 1926ರಿಂದ ಮ್ಯೂಸಿಯಂ. ಎರಡನೇ ಮಹಾಯುದ್ಧ ಸೋತ ಮೇಲೆ ತೋಪು, ಚಿಮಣಿ, ಮಾಸ್ಟು ಎಲ್ಲ ಕಿತ್ತು ಹಾಕಿ ಡೆಕ್ಕಿನ ಮೇಲೆ ಡ್ಯಾನ್ಸ್ ಹಾಲು, ಮೀನಿನ ಅಕ್ವೇರಿಯಂ ಮಾಡಿದ್ರಂತೆ, ಟೋಗೋ ನಿಂತಿದ್ದ ಹಡಗಲ್ಲಿ! ಆಮೇಲೆ ಅಮೆರಿಕದ ಅಡ್ಮಿರಲ್ ನಿಮಿಟ್ಜ್, ಜಪಾನ್ ವಿರುದ್ಧ ಪೆಸಿಫಿಕ್ ಯುದ್ಧ ಗೆದ್ದೋನೇ, ಇದನ್ನ ಉಳಿಸ್ಬೇಕು ಅಂತ ಬೆಂಬಲಕ್ಕೆ ನಿಂತ. ಚಿಲಿ ದೇಶದ ಆಲ್ಮಿರಾಂಟೆ ಲಾಟೊರೆ ಅನ್ನೋ ಹಳೇ ಬ್ಯಾಟಲ್‌ಶಿಪ್ ಆ ಹೊತ್ತಿಗೆ ಜಪಾನಿಗೆ ಗುಜರಿಯಾಗಿ ಬಂದಿತ್ತು, ಅದರ ಸಾಮಾನೂ ಬಳಸ್ಕೊಂಡು, ತೋಪುಗಳನ್ನ ನಕಲಿ ಮಾಡಿಸಿ, 1961ಕ್ಕೆ ಮತ್ತೆ ತೆರೆದ್ರು. ಹಾಗಾಗಿ ಪ್ರವಾಸಿಗಳ ಫೋಟೋ ನೋಡಿ ಇದು ಕಿಟ್‌ನಲ್ಲಿ ತಪ್ಪಿದೆ ಅದು ತಪ್ಪಿದೆ ಅಂತ ಕಿಟ್‌ನ ತಿದ್ದೋಕೆ ಹೋಗ್ಬೇಡಿ, 1905ರ ಕಪ್ಪು ಬಿಳುಪು ಫೋಟೋಗಳನ್ನ ನೋಡಿ. ಯುದ್ಧದ ಹೊತ್ತಿನ ಬಣ್ಣ ಕಡು ಬೂದು, ನಾನು ಅದನ್ನೇ ಹೊಡೆದಿದ್ದು, ಮ್ಯೂಸಿಯಂನ ಈಗಿನ ಬಣ್ಣ ಅಲ್ಲ. ಕೆಳಗಿನ ಕೆಂಪು ಭಾಗವಂತೂ ಅಲ್ಲಿ ಕಾಣೋದೇ ಇಲ್ಲ, ನೆಲದೊಳಗಿದೆ.

ದಾರ ಕಟ್ಟೋ ಕೆಲಸ ಕೊನೆಯದು, ನನಗೆ ಅದೇ ಇಷ್ಟ. 1905ರ ಮೇ 27ರ ಬೆಳಗಿನ ಜಾವ ಶಿನಾನೋ ಮಾರು ಅನ್ನೋ ಜಪಾನಿ ಕಾವಲು ಹಡಗು ರಷ್ಯಾದ ಪಡೆ ಕಣ್ಣಿಗೆ ಬಿದ್ದ ತಕ್ಷಣ ಸುದ್ದಿ ಕಳಿಸಿದ್ದು ವೈರ್‌ಲೆಸ್ ಮೂಲಕ, ಮಾರ್ಕೋನಿ ವೈರ್‌ಲೆಸ್ ಸಂಕೇತನ ಅಟ್ಲಾಂಟಿಕ್ ದಾಟಿಸಿ ಆಗಿನ್ನೂ ನಾಲ್ಕು ವರ್ಷ ಆಗಿರ್ಲಿಲ್ಲ ಅಂದ್ರೆ ನೋಡಿ. ಹಾಗಾಗಿ ಮಾಸ್ಟಿಂದ ಇಳಿಯೋ ಏರಿಯಲ್ ತಂತಿ ಬಿಟ್ರೆ ಈ ಹಡಗಿನ ಕಥೆನೇ ಅರ್ಧ. ಮಾಡೆಲ್‌ಗೆ ಅಂತಲೇ ಬರೋ ಹಿಗ್ಗೋ ಲೈಕ್ರಾ ದಾರ ಹಾಕಿ, ಆಮೇಲೆ ಧೂಳು ಒರೆಸೋವಾಗ ಕೈ ತಗುಲಿದ್ರೂ ಹಿಗ್ಗಿ ಮತ್ತೆ ಜಾಗಕ್ಕೆ ಬರುತ್ತೆ. ದುಡ್ಡು ಹಾಕಲ್ಲ ಅನ್ನೋರು ಕಿಟ್‌ನ ಪ್ಲಾಸ್ಟಿಕ್ ಫ್ರೇಮ್ ತುಂಡನ್ನ ಮೇಣದ ಬತ್ತಿ ಮೇಲೆ ಮೆತ್ತಗೆ ಮಾಡಿ ಎಳೆದ್ರೆ ಕೂದಲಿಗಿಂತ ತೆಳು ಎಳೆ ಬರುತ್ತೆ, ಅದೂ ಸುಂದರ, ಆದ್ರೆ ಕೈ ತಗುಲಿದ್ರೆ ಟಿಕ್ ಅಂತ ಹೋಯ್ತು. ಮೊದ್ಲು ಮಧ್ಯದ್ದು ಕಟ್ಟಿ ಆಮೇಲೆ ಹೊರಗಿನದು, ಉಲ್ಟಾ ಮಾಡಿದ್ರೆ ಚಿಮಟ ಒಳಗೆ ಹೋಗೋಕೇ ದಾರಿ ಇರಲ್ಲ.

ಕೊನೆಗೆ ಯಾರು ತಗೋಬೇಕು ಅಂದ್ರೆ, ಒಂದೆರಡು ವಿಮಾನ, ಟ್ಯಾಂಕು ಮಾಡಿ ಕೈ ಪಳಗಿದ್ರೆ ಧೈರ್ಯವಾಗಿ ತಗೊಳ್ಳಿ. ಮೊದಲ ಕಿಟ್ಟೇ ಇದಾಗ್ಬೇಕು ಅನ್ನೋರು ಹಿತ್ತಾಳೆ ಬಿಟ್ಟು ಬರೀ ಡಬ್ಬದಲ್ಲಿರೋದನ್ನ ಕಟ್ಟಿ. ಬಜೆಟ್ ಇದ್ರೆ ರೇಲಿಂಗು-ಏಣಿ ಇರೋ ಸಣ್ಣ ಸೆಟ್ಟು, ಕಡೆದ ನಳಿಗೆ, ಒಂದು ಉಂಡೆ ದಾರ, ಇಷ್ಟು ಸೇರಿಸ್ಕೊಳ್ಳಿ, ಫುಲ್ ಸೆಟ್‌ಗೆ ಕೊಡೋ ದುಡ್ಡಲ್ಲಿ ಒಂದು ಒಳ್ಳೆ ಅಕ್ರಿಲಿಕ್ ಬಾಕ್ಸ್ ಮಾಡಿಸಿ. ರೇಲಿಂಗ್ ಮೇಲೆ ಕೂತ ಧೂಳನ್ನ ತೆಗೆಯೋ ವಿದ್ಯೆ ಇನ್ನೂ ಯಾರೂ ಕಂಡುಹಿಡಿದಿಲ್ಲ, ಬಟ್ಟೆ ಹಾಕಿದ್ರೆ ಸಿಕ್ಕಾಕೊಂಡು ಕಿತ್ಕೊಂಡು ಬರುತ್ತೆ, ಬಾಕ್ಸ್ ಇಲ್ದೆ ಇಡೋದಾದ್ರೆ ಮಾಡ್ಲೇಬೇಡಿ.

ನಂದು ಮುಂದಿನ ಆಸೆ ಎಚ್‌ಎಂಎಸ್ ನೈಜೀರಿಯಾ. ಅದೇ ರೀ, ಬ್ರಿಟಿಷರ ಕ್ರೂಸರು, 1957ರಲ್ಲಿ ನಮ್ಮ ನೌಕಾಪಡೆಗೆ ಬಂದು ಐಎನ್‌ಎಸ್ ಮೈಸೂರು ಅಂತಾಗಿ, ಗಂಡಭೇರುಂಡದ ಲಾಂಛನ ಹೊತ್ಕೊಂಡು 1985ರ ತನಕ ಓಡಾಡ್ತು, ಈಗಿರೋ ಮೈಸೂರು ಡೆಸ್ಟ್ರಾಯರ್ ಅದೇ ಹೆಸರಿನ ಎರಡನೇದು. ನಮಗೆ ಬರೋ ಮುಂಚೆನೇ ಅದರ ನಾಲ್ಕು ಟರೆಟ್‌ನಲ್ಲಿ (ತೋಪು ಕೂರಿಸಿದ ತಿರುಗೋ ಗೂಡು) ಒಂದನ್ನ ತೆಗೆದಿದ್ರು, ಮೈಸೂರಾಗಿದ್ದಾಗ ಒಂಬತ್ತೇ 6 ಇಂಚಿನ ತೋಪು, ಅದೇ ವರ್ಗದ ಯಾವುದಾದ್ರೂ ಹಡಗಿನ ಕಿಟ್ ಸಿಕ್ಕಿದ್ರೂ ಸಾಕು, ತಿದ್ದಿಕೊಂಡು ಮಾಡ್ಬಹುದು. 1/350ರಲ್ಲಿ ಯಾರ ಹತ್ರನಾದ್ರೂ ಇದ್ರೆ, ಅರ್ಧ ಕಟ್ಟಿ ಬೇಜಾರಾಗಿ ಅಟ್ಟದ ಮೇಲೆ ಎಸೆದಿದ್ರೂ ಪರ್ವಾಗಿಲ್ಲ, ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ, ಕೊರಿಯರ್‌ಗೆ ಮಾತ್ರ ಕೊಡ್ಬೇಡಿ.